ಹಿರಿಯಳಿಯನ ಇನ್ನೂರು ಮಿಲಿಸೆಕೆಂಡು

ಮಾವನ ಮನೆಯಲ್ಲಿ ಏನೇ ಕೆಟ್ಟರೂ ಹದಿನಾಲ್ಕು ವರ್ಷಗಳಿಂದ ಮೊದಲು ಫೋನ್ ಬರುತ್ತಿದ್ದುದು ಹಿರಿಯಳಿಯನಿಗೆ. ಸಿಂಕಿನ ಕೆಳಗಿನ ಪೈಪು ಸೋರಿದರೆ ಅವನು, ಮಿಕ್ಸಿ ಗೊರಗೊರ ಎಂದರೆ ಅವನು, ಬಚ್ಚಲುಮನೆಯ ಬಾಗಿಲು ಉಬ್ಬಿ ಚಿಲಕ ಬೀಳದಿದ್ದರೂ ಅವನೇ. ಅವನು ಲಿಫ್ಟ್ ಮೆಕ್ಯಾನಿಕ್. ಕಟ್ಟಡಗಳ ನೆತ್ತಿಯಿಂದ ತಳದವರೆಗೆ ಹಗ್ಗ, ಬಾಗಿಲು, ಗುಂಡಿ ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುವವನಿಗೆ ಇವೆಲ್ಲ ಎಡಗೈ ಕೆಲಸ. ರಜೆಯ ದಿನವೂ ಬಿಡುವುದಿಲ್ಲವಲ್ಲ ಎಂದು ಗೊಣಗಿಕೊಂಡೇ ಹೋಗುತ್ತಿದ್ದ. ಆದರೆ ಒಂದು ತಿಂಗಳು ಫೋನ್ ಬಾರದಿದ್ದರೆ, ನಿಮ್ಮಪ್ಪನ ಮನೆಯಲ್ಲಿ ಎಲ್ಲ ಸರಿಯಿದೆಯಾ ಎಂದು ಹೆಂಡತಿಯನ್ನು ತಾನೇ ಕೇಳುತ್ತಿದ್ದ.

ಮಾವ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಅದೇ ಪತ್ರಿಕೆಗೆ ವಾರವಾರ ಪದಬಂಧ ಕಟ್ಟಿ ಕಳಿಸುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಂದು ವಾರವೂ ತಪ್ಪಿಸಿರಲಿಲ್ಲ. ಎರಡು ವರ್ಷದಿಂದೀಚೆಗೆ ಅವರ ಕೈ ನಡುಗಲು ಶುರುವಾಗಿತ್ತು. ಕೀಬೋರ್ಡಿನಲ್ಲಿ ಒಂದು ಕೀ ಒತ್ತಲು ಹೋದರೆ ಅಕ್ಕಪಕ್ಕದ ಎರಡು ಒತ್ತಿಹೋಗುತ್ತಿದ್ದವು. ಅತ್ತೆಗೆ ಹೇಳಿ ಟೈಪ್ ಮಾಡಿಸೋಣವೆಂದರೆ ಆಕೆ ಒಪ್ಪುತ್ತಿರಲಿಲ್ಲ. ಸುಳಿವು, ಉತ್ತರ ಎರಡನ್ನೂ ನನ್ನ ಕೈಯಲ್ಲೇ ಬರೆಸಿಬಿಟ್ಟರೆ ಪತ್ರಿಕೆ ಬಂದ ದಿನ ನಾನು ಬಿಡಿಸುವುದಕ್ಕೆ ಏನು ಉಳಿಯುತ್ತದೆ ಎಂಬುದು ಆಕೆಯ ತಕರಾರು.

ಹೀಗಿರುವಾಗ ಒಂದು ಭಾನುವಾರ ಕಿರಿಯಳಿಯ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದ. ಮನೆಯ ಎರಡನೇ ಮಗಳನ್ನು ಮದುವೆಯಾಗಿ ಅವನಿಗೆ ಆಗಿದ್ದುದು ಮೂರೇ ವರ್ಷ. ಮನೆ ಮಾವನ ಮನೆಯಿಂದ ಎರಡು ಬೀದಿಯಾಚೆ. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ. ಮಾತು ಕಡಿಮೆ, ಆಡಿದರೂ ಪಕ್ಕದವನಿಗಷ್ಟೇ ಕೇಳುವಷ್ಟು. ಊರಿನವರ ಬಾಯಿಗೆಲ್ಲ ಹಲ್ಲು ಕಟ್ಟಿದವನಿಗೆ ತನ್ನ ಬಾಯಿ ತೆರೆಯುವುದೇ ಕಷ್ಟ ಎಂದು ಹಿರಿಯಳಿಯ ತಮಾಷೆ ಮಾಡುತ್ತಿದ್ದ.

ಪೆಟ್ಟಿಗೆಯಿಂದ ಹೊರಬಂದದ್ದು ಒಂದು ಕೀಬೋರ್ಡು. ಅಂಗಡಿಯದಲ್ಲ, ಅವನೇ ಕೂತು ಕಟ್ಟಿದ್ದು. ಮರದ ಚೌಕಟ್ಟು, ಅರ್ಧ ತೆರೆದ ಪುಸ್ತಕದ ಹಾಗೆ ನಡುವೆ ಸ್ವಲ್ಪ ಬಾಗು. ಕೀಗಳು ದೊಡ್ಡವು, ಬೆರಳ ತುದಿ ಕೂರುವಂತೆ ತುಸು ತಗ್ಗಿದ್ದವು, ಒಂದಕ್ಕೊಂದು ದೂರ ದೂರ. ಹಲ್ಲಿನ ಸೆಟ್ಟಿಗೆ ಬಳಸುವ ವಸ್ತುವಿನಲ್ಲೇ ಎರಕ ಹೊಯ್ದಿದ್ದರಿಂದ ಅವುಗಳ ಬಣ್ಣವೂ ಹಲ್ಲಿನದೇ. ಎದುರಿಗೆ ಯಾರೋ ಹಲ್ಲು ಗಿಂಜಿದ ಹಾಗಿದೆ ಎಂದು ಹಿರಿಯಳಿಯ ನಕ್ಕ. ಬೇರೆ ಯಾರೂ ನಗಲಿಲ್ಲ.

ಮಾವ ಅದರ ಮೇಲೆ ಎರಡೂ ಕೈ ಇಟ್ಟರು. ನಿಧಾನವಾಗಿ ಒಂದು ಸಾಲು ಟೈಪ್ ಮಾಡಿದರು. ಪರದೆಯ ಮೇಲೆ ಅವರು ಅಂದುಕೊಂಡ ಸಾಲೇ ಮೂಡಿತು. ಕಿರಿಯಳಿಯನ ತೋಳು ಹಿಡಿದು ಹತ್ತಿರ ಎಳೆದುಕೊಂಡು, "ಏನೋ ಇದು, ಯಾವಾಗ ಮಾಡ್ದೆ ನೀನು ಇದನ್ನೆಲ್ಲಾ?" ಎಂದರು. ಕಣ್ಣಲ್ಲಿ ನೀರು ಬಂದಿತ್ತು.

ಹಿರಿಯಳಿಯನಿಗೆ ಚುಚ್ಚಿದ್ದು ಕೀಬೋರ್ಡಲ್ಲ, ಆ 'ನೀನು'. ಹದಿನಾಲ್ಕು ವರ್ಷದಲ್ಲಿ ಮಾವ ತನ್ನನ್ನು ಕರೆದದ್ದೆಲ್ಲ 'ಅಳಿಯಂದಿರೇ', 'ನೀವು', 'ಬನ್ನಿ ಕೂತ್ಕೊಳ್ಳಿ'. ಪೈಪಿನ ಕೆಳಗೆ ಅಂಗಾತ ಮಲಗಿದ್ದಾಗಲೂ 'ನಿಮಗೆ ತೊಂದರೆ ಆಯ್ತು'. ಗೌರವ ಎಂದು ಇಷ್ಟು ದಿನ ಎದೆಯುಬ್ಬಿಸಿಕೊಂಡಿದ್ದವನಿಗೆ, ಮೂರು ವರ್ಷದ ಹಿಂದೆ ಬಂದವನು ಅದೆಲ್ಲವನ್ನೂ ದಾಟಿ ಒಳಮನೆಗೆ ಹೋಗಿಬಿಟ್ಟ, ತಾನಿನ್ನೂ ಜಗಲಿಯಲ್ಲೇ ಕೂತಿದ್ದೇನೆ ಅನ್ನಿಸಿತು.

ಅಲ್ಲಿಂದ ಅವನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆಯಲು ಶುರುಮಾಡಿದರು. ಮಾವ ಸಿಕ್ಕವರಿಗೆಲ್ಲ ಕೀಬೋರ್ಡಿನ ಕಥೆ ಹೇಳಿದರು. ಕ್ಷೌರದವನಿಗೆ, ಔಷಧಿ ಅಂಗಡಿಯವನಿಗೆ, ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದರಂತೆ. ಕಿರಿಯಳಿಯನಿಗೆ ಹಿರಿಯಳಿಯ 'ಗುಂಡಿ ಮೇಷ್ಟ್ರು' ಎಂದು ಹೆಸರಿಟ್ಟ. ಆ ಹೆಸರನ್ನು ಅವನು ದಿನಕ್ಕೆ ಎಷ್ಟು ಸಲ ಹೇಳುತ್ತಾನೆ ಎಂದು ಹೆಂಡತಿ ಎಣಿಸತೊಡಗಿದಳು. ಒಂದು ದಿನ ಬಟ್ಟೆ ಮಡಚುತ್ತ, "ಒಂಬತ್ತಾಯ್ತು ಇವತ್ತು. ಅವನ ಹೆಂಡತಿಯಾದ ನನ್ನ ತಂಗಿನೂ ಅವನನ್ನ ಇಷ್ಟು ಸಲ ನೆನೆಸಿಕೊಳ್ಳಲ್ಲ" ಎಂದಳು.

ಮೂರನೇ ವಾರ ನಲ್ಲಿ ಸೋರುತ್ತದೆಂದು ಫೋನ್ ಬಂತು. ಹಿರಿಯಳಿಯ ಹೋಗಿ ವಾಷರು ಬದಲಿಸುತ್ತಿದ್ದಾಗ ಮಾವ ಹಿಂದಿನಿಂದ ಬಂದು, ಅತ್ತೆ ಹತ್ತಿರವಿಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಒಂದು ವಿಷಯ ಹೇಳಿದರು. ಕೀಬೋರ್ಡು ಚೆನ್ನಾಗಿದೆ, ಪಕ್ಕದ ಕೀ ಒತ್ತಿಹೋಗುವುದು ನಿಂತಿದೆ, ಆದರೆ ಕೈ ನಡುಗಿದಾಗ ಅದೇ ಅಕ್ಷರ ಎರಡೆರಡು ಸಲ ಬೀಳುತ್ತದೆ. 'ಕಮಲ' ಅಂತ ಒತ್ತಿದರೆ 'ಕಕಮಮಲ'. ಅಳಿಸಿ ಅಳಿಸಿ ಸಾಕಾಗಿದೆ. "ಅವನಿಗೆ ಮಾತ್ರ ಹೇಳ್ಬೇಡಿ. ಪಾಪ, ನಾಲ್ಕು ತಿಂಗಳು ಕೂತು ಮಾಡಿದಾನೆ" ಎಂದರು.

ಹಿರಿಯಳಿಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೊಸರಲ್ಲಿ ಕಲ್ಲು ಹುಡುಕುತ್ತಿದ್ದವನಿಗೆ ಕಲ್ಲು ತಾನಾಗಿ ಹಲ್ಲಿಗೆ ಸಿಕ್ಕಿತ್ತು. ಅದರಲ್ಲೂ ಇದು ಅವನಿಗೆ ಗೊತ್ತಿದ್ದ ರೋಗ. ಲಿಫ್ಟಿನ ಗುಂಡಿ ಒತ್ತಿದಾಗ ಒಳಗಿನ ಲೋಹದ ತುದಿಗಳು ಒಂದೇ ಸಲಕ್ಕೆ ಕೂಡುವುದಿಲ್ಲ, ಚೂರು ಕುಪ್ಪಳಿಸುತ್ತವೆ. ಒತ್ತುವ ಕೈ ನಡುಗಿದರಂತೂ ಕೇಳುವುದೇ ಬೇಡ. ಅದಕ್ಕಾಗಿ ಒಂದು ಸಲ ಒತ್ತಿದ ಮೇಲೆ ಇಷ್ಟು ಹೊತ್ತು ಕಿವಿ ಮುಚ್ಚಿಕೊಂಡಿರು ಎಂದು ಲಿಫ್ಟಿಗೆ ಮೊದಲೇ ಹೇಳಿಟ್ಟಿರುತ್ತಾರೆ. ವಯಸ್ಸಾದವರ ಆಸ್ಪತ್ರೆಯೊಂದರ ಲಿಫ್ಟಿನಲ್ಲಿ ಅವನೇ ಆ ಹೊತ್ತನ್ನು ಇನ್ನೂರು ಮಿಲಿಸೆಕೆಂಡಿಗೆ ಏರಿಸಿ ದೂರುಗಳನ್ನು ನಿಲ್ಲಿಸಿದ್ದ. ಕೀಬೋರ್ಡಿನೊಳಗೂ ಅಂಥದೊಂದು ಸಂಖ್ಯೆ ಇದ್ದೇ ಇರಬೇಕು. ನಾನು ಸರಿಮಾಡುತ್ತೇನೆ, ಅವನಿಗೆ ಗೊತ್ತಾಗುವುದೇ ಬೇಡ ಎಂದು ಮಾವನಿಗೆ ಮಾತು ಕೊಟ್ಟ. ಮಾವ ಪೆಟ್ಟಿಗೆಯ ತಳದಿಂದ ಒಂದು ಪೆನ್‌ಡ್ರೈವ್ ತೆಗೆದುಕೊಟ್ಟರು. ಮುಂದೆ ಯಾರಾದರೂ ಏನಾದರೂ ಬದಲಾಯಿಸಬೇಕಾದರೆ ಇರಲಿ ಎಂದು ಕೀಬೋರ್ಡಿನ ಪ್ರೋಗ್ರಾಮನ್ನೆಲ್ಲ ಕಿರಿಯಳಿಯ ಅದರಲ್ಲಿ ಹಾಕಿಟ್ಟಿದ್ದ.

ಮರುದಿನದಿಂದ ಹಿರಿಯಳಿಯ ಬೆಳಗ್ಗೆ ಐದೂವರೆಗೆ ಎದ್ದು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ. ಪೆನ್‌ಡ್ರೈವಿನಲ್ಲಿ 'ಮೊದಲು ಇದನ್ನು ಓದಿ' ಎಂಬ ಫೈಲಿತ್ತು. ಅವನು ಓದಲಿಲ್ಲ. ಗುಂಡಿ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಳ್ಳುವ ಗತಿ ತನಗೆ ಬಂದಿಲ್ಲ ಎಂದುಕೊಂಡ. ಇಂಟರ್‌ನೆಟ್ಟಿನಲ್ಲಿ ತಾನೇ ಹುಡುಕಿ, ಕೋಡ್ ಬರೆಯಲು ತಿದ್ದಲು ಎಲ್ಲರೂ ಬಳಸುವ ಎಡಿಟರೊಂದನ್ನು ಇಳಿಸಿಕೊಂಡ. ಅದು ಹತ್ತು ನಿಮಿಷದ ಕೆಲಸ. ಆಮೇಲೆ ಅದಕ್ಕೆ ಪ್ರೋಗ್ರಾಮಿನ ಭಾಷೆ ಕಲಿಸುವ ಜೋಡಣೆ ಬೇಕೆಂದಿತು, ಹಾಕಿದ. ಬರೆದದ್ದನ್ನು ಕೀಬೋರ್ಡಿನ ಚಿಪ್‌ಗೆ ಅರ್ಥವಾಗುವ ಹಾಗೆ ಮಾಡುವ ಕಂಪೈಲರ್ ಬೇಕಂತೆ, ಅದಕ್ಕೆ ಎರಡು ಬೆಳಗು ಹೋದವು. ಫೋಲ್ಡರಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಜಾಗ ಬಿಟ್ಟಿದ್ದಕ್ಕೆ ಎಲ್ಲವೂ ಮುನಿಸಿಕೊಂಡು ನಿಂತಿತು. ಅದೊಂದು ಜಾಗ ಹುಡುಕಲು ಮೂರನೇ ಬೆಳಗು.

ಕೊನೆಗೆ ಕಿರಿಯಳಿಯ ಬರೆದ ಮುಖ್ಯ ಫೈಲು ಎಡಿಟರಿನಲ್ಲಿ ತೆರೆದುಕೊಂಡಾಗ ಹಿರಿಯಳಿಯನ ಕಣ್ಣು ಅಗಲವಾಯಿತು. ಮೇಲಿಂದ ಕೆಳಗಿನವರೆಗೆ ಪದಪದದ ಕೆಳಗೂ ಕೆಂಪು ಗೆರೆಗಳು, ಮೇಷ್ಟ್ರು ದಡ್ಡ ಹುಡುಗನ ಪ್ರಬಂಧ ತಿದ್ದಿದ ಹಾಗೆ. ಕೆಳಗೆ ಮೂಲೆಯಲ್ಲಿ ತಪ್ಪುಗಳ ಲೆಕ್ಕವೂ ಇತ್ತು: ನೂರ ನಲವತ್ತಮೂರು. ಅವನು ಎದ್ದು ಚಹಾ ಮಾಡಿಕೊಂಡು ಬಂದು, ಕೂತು, ಕುಡಿಯುತ್ತ ಆ ಕೆಂಪನ್ನು ನೋಡಿದ. ಎಷ್ಟೋ ವಾರಗಳ ಮೇಲೆ ಚಹಾಕ್ಕೆ ರುಚಿ ಬಂದಿತ್ತು.

ಹೆಂಡತಿಗೆ ತೋರಿಸಿದ. ನಿನ್ನ ತಂಗಿಯ ಗಂಡನ ಬಂಡವಾಳ ಇಷ್ಟೇ ನೋಡು ಎಂದ. ಅವಳು ಬಗ್ಗಿ ನೋಡಿ, "ಅಷ್ಟು ತಪ್ಪಿದ್ರೆ ಮತ್ತೆ ಅದು ಕೆಲಸ ಹೇಗೆ ಮಾಡ್ತಿದೆ?" ಎಂದು ಕೇಳಿ ಒಳಗೆ ಹೋದಳು. ಆದರೂ ಅವತ್ತು ಕೆಲಸದಲ್ಲಿ ಇಬ್ಬರಿಗೆ ಆ ನೂರ ನಲವತ್ತಮೂರರ ವಿಷಯ ಹೇಳಿದ.

ಹೆಂಡತಿಯ ಪ್ರಶ್ನೆ ಮಾತ್ರ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಉಳಿಯಿತು. ಎರಡು ದಿನ ಬಿಟ್ಟು, ಯಾರೂ ನೋಡುತ್ತಿಲ್ಲವೆಂಬಂತೆ, 'ಮೊದಲು ಇದನ್ನು ಓದಿ' ತೆರೆದ. ಮೂರನೇ ಸಾಲಿನಲ್ಲೇ ಬರೆದಿತ್ತು: ಎಡಿಟರ್‌ನಲ್ಲಿ ಎಲ್ಲಾ ಕೆಂಪಾಗಿ ಕಂಡರೆ ಹೆದರಬೇಡಿ, ಉಳಿದ ಫೈಲುಗಳು ಎಲ್ಲಿವೆ ಅಂತ ಅದಕ್ಕೆ ಗೊತ್ತಿಲ್ಲ ಅಷ್ಟೇ, ಕೆಳಗಿನ ಆಜ್ಞೆ ಕೊಟ್ಟರೆ ಒಂದು ಪಟ್ಟಿ ತಯಾರಾಗುತ್ತೆ, ಆಮೇಲೆ ಎಡಿಟರ್ ಮುಚ್ಚಿ ತೆರೆಯಿರಿ. ಅವನು ಆಜ್ಞೆ ಕೊಟ್ಟ, ಮುಚ್ಚಿ ತೆರೆದ. ಕೆಂಪು ಗೆರೆಗಳು ಒಂದೊಂದಾಗಿ ಮಾಯವಾಗಿ ಲೆಕ್ಕ ಸೊನ್ನೆಗೆ ಇಳಿಯಿತು. ಇಂಗು ತಿಂದ ಮಂಗನಂತೆ ಅವನು ಆ ಸೊನ್ನೆಯನ್ನು ನೋಡಿದ. ತಪ್ಪು ಇದ್ದದ್ದು ಅವನು ಸಜ್ಜು ಮಾಡಿದ ಎಡಿಟರಿನಲ್ಲಿ. ಕಿರಿಯಳಿಯನ ಬರಹದಲ್ಲಿ ಒಂದಾದರೂ ಉಳಿದಿರಬಾರದಾಗಿತ್ತೇ ಎಂದು ಕೆಳಗಿನವರೆಗೆ ಜಾಲಾಡಿದ. ಉಳಿದಿರಲಿಲ್ಲ.

ಕೆಂಪು ಹೋದ ಮೇಲೆ ಬೇರೆಯದು ಕಣ್ಣಿಗೆ ಬಿತ್ತು. ಪ್ರೋಗ್ರಾಮಿನ ಸಾಲುಗಳ ನಡುನಡುವೆ, ಚಿಪ್‌ಗಲ್ಲದೆ ಓದುವವರಿಗೆಂದು, ಬೂದು ಬಣ್ಣದಲ್ಲಿ ಟಿಪ್ಪಣಿಗಳಿದ್ದವು. 'ಮಾವನ ಎಡಗೈ ಉಂಗುರ ಬೆರಳು ಪೂರ್ತಿ ಮಡಚಲ್ಲ. ಪದೇಪದೇ ಬರೋ ಅಕ್ಷರ ಇಲ್ಲಿ ಇಡಬಾರದು.' ಇನ್ನೊಂದು ಕಡೆ, 'ಸಂಜೆ ನಾಲ್ಕರ ಮೇಲೆ ನಡುಕ ಜಾಸ್ತಿ. ಬೆಳಗ್ಗೆ ಅಳೆದದ್ದನ್ನ ನಂಬಬಾರದು.' ಮತ್ತೊಂದು ಕಡೆ, 'ಯೋಚನೆ ಮಾಡುವಾಗ ಹೆಬ್ಬೆರಳಿಂದ ಮೇಜು ಕುಟ್ತಾರೆ. ಆ ಜಾಗದಲ್ಲಿ ಕೀ ಬೇಡ.'

ಹಿರಿಯಳಿಯ ಮಾವನ ಕೈಗಳನ್ನು ನೆನಪಿಸಿಕೊಳ್ಳಲು ನೋಡಿದ. ಮನೆಯ ನಲ್ಲಿಗಳು, ತಂತಿಗಳು, ಬಾಗಿಲ ತಿರುಗಣಿಗಳು ಎಲ್ಲ ಕಣ್ಣ ಮುಂದೆ ಬಂದವು. ಮಾವ ಚಹಾದ ಲೋಟ ಹಿಡಿಯುವುದು ಯಾವ ಕೈಯಲ್ಲಿ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ಇಷ್ಟು ದಿನ ಅವನ ಹೊಟ್ಟೆಯುರಿ ಕಿರಿಯಳಿಯನಿಗೆ ಸಿಕ್ಕ ಹೊಗಳಿಕೆಯ ಮೇಲಿತ್ತು. ಈಗ ಅದು ಬೇರೆ ಕಡೆ ಹತ್ತಿಕೊಂಡಿತು. ಮೂರು ವರ್ಷದಲ್ಲಿ ಆ ಮನುಷ್ಯ ಇಷ್ಟನ್ನು ಯಾವಾಗ ನೋಡಿದ? ತಾನು ಅಲ್ಲೇ ಇದ್ದೆನಲ್ಲ.

ಇನ್ನೊಂದು ಸಣ್ಣ ಫೈಲಿನಲ್ಲಿ ಅವನು ಹುಡುಕುತ್ತಿದ್ದ ಸಂಖ್ಯೆಯೂ ಸಿಕ್ಕಿತು: ಇಪ್ಪತ್ತು. ಅದರ ಪಕ್ಕ ಬರೆದಿತ್ತು: 'ಕೈ ನಡುಗಿದಾಗ ಎರಡು ಸಲ ಬೀಳಬಹುದು. ಇಪ್ಪತ್ತು ಸಾಲದೇನೋ. ಲಿಫ್ಟಲ್ಲಿ ಎಷ್ಟಿಡ್ತಾರೆ ಅಂತ ಅಣ್ಣನ್ನ ಕೇಳಬೇಕು.'

ಅಣ್ಣ ಎಂದರೆ ತಾನೇ. ಕೇಳಲು ಅವನು ಫೋನ್ ಮಾಡಿಯೂ ಇದ್ದ. ಮೂರು ತಿಂಗಳ ಹಿಂದೆ, ಹಿರಿಯಳಿಯ ಲಿಫ್ಟಿನ ತಳದ ಹೊಂಡಕ್ಕಿಳಿದು ಎಣ್ಣೆ ಒರೆಸುತ್ತಿದ್ದಾಗ ಅವನ ಕರೆ ಬಂದಿತ್ತು. ಡ್ರಿಲ್ಲಿಂಗ್ ಮಷೀನ್ ಕೇಳುತ್ತಾನೆಂದು ಊಹಿಸಿ, ಕೆಲಸದಲ್ಲಿದ್ದೇನೆ ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟಿದ್ದ. ಆಮೇಲೆ ಮಾಡಲಿಲ್ಲ.

ಈಗಲಾದರೂ ಮಾಡಬಹುದಿತ್ತು. ಫೋನ್ ಮೇಜಿನ ಮೇಲೆಯೇ ಇತ್ತು. ಆದರೆ ಮಾಡಿದರೆ ಹೆಸರು ಇಬ್ಬರಿಗೂ ಹಂಚಿಹೋಗುತ್ತದೆ, ದೊಡ್ಡ ಪಾಲು ಅವನಿಗೇ ಹೋಗುತ್ತದೆ. ಹಿರಿಯಳಿಯ ಇಪ್ಪತ್ತರ ಮುಂದೆ ಒಂದು ಸೊನ್ನೆ ಸೇರಿಸಿ ಇನ್ನೂರು ಮಾಡಿದ. ಕಂಪೈಲ್ ಮಾಡಿದ. ಎಲ್ಲ ಸರಿಯಾಗಿದೆ ಎಂಬ ಹಸಿರು ಸಾಲು ಬಂತು. ಅದನ್ನು ನೋಡಿ ಖುಷಿಯಾಗಬೇಕಿತ್ತು, ಅಷ್ಟೊಂದು ಆಗಲಿಲ್ಲ.

ಶನಿವಾರ ಮಧ್ಯಾಹ್ನ ತಯಾರಾದ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮಾವನ ಮನೆಗೆ ಹೋದ. ಕೀಬೋರ್ಡನ್ನು ಕವುಚಿ, ಬೆನ್ನಿನ ಸಣ್ಣ ತೂತಿನೊಳಗೆ ಪಿನ್ನು ಹಾಕಿ ಒತ್ತಿದ. ಕಂಪ್ಯೂಟರಿನಲ್ಲಿ ಒಂದು ಹೊಸ ಡ್ರೈವ್ ಕಾಣಿಸಿಕೊಂಡಿತು. ಫೈಲನ್ನು ಅದರೊಳಗೆ ಬಿಟ್ಟ. ಒಂದು ಬೆರಳಿನಿಂದ 'ಕಮಲ' ಒತ್ತಿ ನೋಡಿದ. ಬೇಕೆಂದೇ ಕೈ ನಡುಗಿಸಿ ಒತ್ತಿದ. 'ಕಮಲ' ಎಂದೇ ಬಂತು. ಎದ್ದು ಕುರ್ಚಿ ಬಿಟ್ಟುಕೊಟ್ಟು, ನೋಡಿ ಎಂದ.

ಮಾವ ಎರಡೂ ಕೈ ಇಟ್ಟು ತಮ್ಮ ಎಂದಿನ ವೇಗದಲ್ಲಿ ಸುಳಿವೊಂದನ್ನು ಟೈಪ್ ಮಾಡಿದರು. ಪರದೆ ಖಾಲಿ. ಮತ್ತೆ ಮಾಡಿದರು. ಒಂದು ಅಕ್ಷರ ಬಂತು, ನಾಲ್ಕು ಬರಲಿಲ್ಲ. ಹತ್ತು ನಿಮಿಷ ಇಬ್ಬರೂ ಬಡಿದಾಡಿದರು. ಹಳೆಯ ಫೈಲು ಹಿರಿಯಳಿಯನ ಹತ್ತಿರವಿರಲಿಲ್ಲ. ಅದರ ಮೇಲೆಯೇ ಹೊಸದನ್ನು ಬರೆದಿದ್ದ. ಎಡಿಟರಿದ್ದ ಲ್ಯಾಪ್‌ಟಾಪ್ ಮನೆಯಲ್ಲಿ, ಒಂದೂವರೆ ಗಂಟೆಯ ಬಸ್ ದಾರಿ. ಪದಬಂಧ ಐದು ಗಂಟೆಯೊಳಗೆ ಪತ್ರಿಕೆಗೆ ಮುಟ್ಟಬೇಕು. ಇನ್ನೂ ಹನ್ನೊಂದು ಸುಳಿವು ಬಾಕಿ.

ಮಾವನ ಮುಖ ಕೆಂಪಾಯಿತು. "ಚೆನ್ನಾಗಿದ್ದದ್ದನ್ನ ಏನಯ್ಯಾ ಮಾಡ್ದೆ ನೀನು? ಒಂಬತ್ತು ವರ್ಷದಲ್ಲಿ ಒಂದು ವಾರ ತಪ್ಪಿಸಿದವನಲ್ಲ ನಾನು. ಗೊತ್ತಿಲ್ಲದ ಮೇಲೆ ಯಾಕೆ ಕೈ ಹಾಕ್ದೆ?"

ಹಿರಿಯಳಿಯ ತಲೆತಗ್ಗಿಸಿ ನಿಂತ. ಅವಮಾನದಿಂದ ಕಿವಿ ಬಿಸಿಯಾಗಿತ್ತು. ಆ ಬಿಸಿಯ ನಡುವೆಯೇ, ಇದು ನನಗೆ ಹೇಳಿದ 'ನೀನು' ಎಂಬ ಯೋಚನೆ ಬಂದುಹೋಯಿತು. ಇನ್ನೆರಡು ಮಾತು ಬೈದರೂ ಬೈಯಲಿ ಎಂದು ಕಾದ. ಮಾವ ಬೈಯಲಿಲ್ಲ. ಅಷ್ಟರಲ್ಲಿ ಅತ್ತೆ ಕಿರಿಯಳಿಯನಿಗೆ ಫೋನ್ ಮಾಡಿಯಾಗಿತ್ತು.

ಅವನು ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಕಾಲು ಗಂಟೆಯಲ್ಲಿ ಬಂದ. ಏನಾಯಿತು, ಯಾರು ಮಾಡಿದರು ಎಂದು ಕೇಳಲಿಲ್ಲ. ಮಾವನಿಗೆ ಎರಡು ನಿಮಿಷ ಆಚೆ ಕೂರಲು ಹೇಳಿ, ಷಡ್ಡಕನ ಪಕ್ಕ ಕುರ್ಚಿ ಎಳೆದುಕೊಂಡ. ಹಿರಿಯಳಿಯ ಮುಖ ನೋಡದೆ, ಇನ್ನೂರು ಇಟ್ಟಿದ್ದನ್ನು ಹೇಳಿದ.

"ಇನ್ನೂರಾ?" ಎಂದ ಕಿರಿಯಳಿಯ. ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದು ನೋಡಿದ. "ಸಂಖ್ಯೆ ಸರಿಯಿದೆ ಅಣ್ಣ. ತಪ್ಪು ನಂದೇ. ನಾನು ಇಡೀ ಕೀಬೋರ್ಡಿಗೆ ಸೇರಿಸಿ ಒಂದೇ ಟೈಮರ್ ಇಟ್ಟಿದ್ದೆ. ಒಂದು ಕೀ ಒತ್ತಿದ ಮೇಲೆ ಇನ್ನೊಂದು ಒತ್ತಿದ್ರೂ ಅದು ಮತ್ತೆ ಮೊದಲಿಂದ ಕಾಯುತ್ತೆ. ಇಪ್ಪತ್ತಿದ್ದಾಗ ಗೊತ್ತಾಗ್ತಿರ್ಲಿಲ್ಲ."

ಹಿರಿಯಳಿಯನಿಗೆ ತಟ್ಟನೆ ಹೊಳೆಯಿತು. ಮೂರನೇ ಮಹಡಿಯಲ್ಲಿ ಯಾರೋ ಗುಂಡಿ ಒತ್ತುತ್ತಿದ್ದರೆ ಏಳನೇ ಮಹಡಿಯವನಿಗೂ ಕಿವುಡಾಗುವ ಲಿಫ್ಟು. ಅಂಥದನ್ನು ಯಾವ ಮೆಕ್ಯಾನಿಕ್ಕೂ ಕಟ್ಟುವುದಿಲ್ಲ; ಒಂದೊಂದು ಗುಂಡಿಗೂ ಅದರದರದೇ ಟೈಮರ್. ಹಾಗೆಂದು ಹೇಳಿದ. ಅಷ್ಟೇ ಎಂದು ಕಿರಿಯಳಿಯ ತನ್ನ ಇಪ್ಪತ್ತನ್ನು ಇನ್ನೂರು ಮಾಡಿ, ಒಂದು ಸಾಲು ಸೇರಿಸಿ, ಕಂಪೈಲ್ ಮಾಡಿ, ಪಿನ್ನು ಒತ್ತಿ, ಹೊಸ ಫೈಲು ಹಾಕಿದ. ಒಟ್ಟು ಹತ್ತು ನಿಮಿಷ. ಅವನ ಎಡಿಟರಿನಲ್ಲಿ ಕೆಂಪು ಗೆರೆ ಒಂದೂ ಇರಲಿಲ್ಲ. ಹಿರಿಯಳಿಯ ಅದನ್ನೂ ಗಮನಿಸಿದ.

ಮಾವ ಬಂದು ಕೂತರು. ಅಕ್ಷರಗಳು ಒಂದೊಂದಾಗಿ, ಒಂದೊಂದೇ ಬಂದವು. ಹನ್ನೊಂದು ಸುಳಿವು ಮುಗಿಸಿ ನಾಲ್ಕು ಮುಕ್ಕಾಲಿಗೆ ಕಳಿಸಿದರು. ಇದು ಅಣ್ಣ ಹೇಳಿದ ಸಂಖ್ಯೆಯಿಂದಲೇ ಸರಿಹೋಯಿತು, ನನಗೆ ಹೊಳೆದಿರಲಿಲ್ಲ ಎಂದು ಕಿರಿಯಳಿಯ ಎಲ್ಲರೆದುರು ಹೇಳಿದ. ಹಿರಿಯಳಿಯನಿಗೆ ಮತ್ತೆ ಉರಿಯಿತು. ಹೊಗಳಿಕೆಯನ್ನು ಹೀಗೆ ಎತ್ತಿಕೊಡುವುದರಲ್ಲೂ ಇವನೇ ಮುಂದೆ. ಮಾವ ಎದ್ದು ಬಂದು ಹಿರಿಯಳಿಯನ ಎರಡೂ ಕೈ ಹಿಡಿದು, ಸಿಟ್ಟಿನಲ್ಲಿ ಏನೋ ಅಂದುಬಿಟ್ಟೆ, "ನೀವು ಮನಸ್ಸಿಗೆ ಹಚ್ಚಿಕೋಬೇಡಿ ಅಳಿಯಂದಿರೇ" ಎಂದರು. ಹಚ್ಚಿಕೊಳ್ಳುವುದಕ್ಕೇನಿದೆ ಎಂದು ಹಿರಿಯಳಿಯ ಹೇಳಿದ. ಮಾವನ ಕೈ ಅವನ ಕೈಯೊಳಗೆ ನಡುಗುತ್ತಿತ್ತು. ಅವನು ಉಂಗುರ ಬೆರಳನ್ನು ನೋಡಿದ. ನಿಜ, ಪೂರ್ತಿ ಮಡಚುತ್ತಿರಲಿಲ್ಲ.

ಸಂಜೆ ಕಿರಿಯಳಿಯ ಅವನನ್ನು ಬಸ್ ನಿಲ್ದಾಣದವರೆಗೆ ಬಿಡಲು ಬಂದ. ಅರ್ಧ ದಾರಿಯಲ್ಲಿ ಹಿರಿಯಳಿಯನೇ, "ಅವತ್ತು ನೀನು ಫೋನ್ ಮಾಡಿದ್ದೆ. ನಾನು ತಿರುಗಿ ಮಾಡ್ಲಿಲ್ಲ" ಎಂದ. ಪರವಾಗಿಲ್ಲ, ನೀವು ಕೆಲಸದಲ್ಲಿದ್ದಿರಿ ಎಂದ ಕಿರಿಯಳಿಯ.

"ಆಮೇಲೆ ಕೆಲಸ ಏನಿರ್ಲಿಲ್ಲ. ಬೇಕೂಂತಲೇ ಮಾಡ್ಲಿಲ್ಲ."

ಬಸ್ಸು ಬರುವುದು ಕಂಡಾಗ ಕಿರಿಯಳಿಯ, ತನಗೆ ಒಂದು ಸಲ ಲಿಫ್ಟಿನ ಮೋಟರು ಕೋಣೆ ನೋಡುವ ಆಸೆ ಇದೆ, ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದ.

ಮುಂದಿನ ಭಾನುವಾರ ಹಿರಿಯಳಿಯ ಅವನನ್ನು ತಾನು ನೋಡಿಕೊಳ್ಳುವ ಕಟ್ಟಡಗಳಲ್ಲೆಲ್ಲ ಎತ್ತರದ್ದಕ್ಕೆ ಕರೆದೊಯ್ದ. ಹಿಂದಿನ ದಿನವೇ ಹೋಗಿ ಮೋಟರು ಕೋಣೆಯ ನೆಲ ಗುಡಿಸಿ ಬಂದಿದ್ದ. ದೊಡ್ಡ ಚಕ್ರ, ಉಕ್ಕಿನ ಹಗ್ಗಗಳು, ಬ್ರೇಕು, ಎಲ್ಲವನ್ನೂ ಗಟ್ಟಿ ದನಿಯಲ್ಲಿ ವಿವರಿಸಿದ. ಇಲ್ಲಿ ತಾನೇ ಮೇಷ್ಟ್ರು. ಬಹಳ ದಿನಗಳ ಮೇಲೆ ಮೈ ಹಗುರಾಗಿತ್ತು. ಕಿರಿಯಳಿಯ ಕೈ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ಸುತ್ತ ಒಂದು ಸಲ ಬಂದ. ಮೋಟರಿನ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಈ ನಟ್ಟುಗಳ ಮೇಲಿನ ಹಳದಿ ಗೆರೆ ಯಾಕೆ ಎಂದು ಕೇಳಿದ. ಬಿಗಿ ಮಾಡಿದ ಮೇಲೆ ನಟ್ಟಿಗೂ ತಳದ ತಗಡಿಗೂ ಸೇರಿಸಿ ಬಣ್ಣದ ಗೆರೆ ಎಳೆಯುತ್ತೇವೆ, ನಟ್ಟು ಸಡಿಲಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ ಎಂದು ಹಿರಿಯಳಿಯ ವಿವರಿಸಿದ.

"ಹಾಗಾದ್ರೆ ಇದು ತಿರುಗಿದೆ ಅಲ್ವಾ ಅಣ್ಣ?"

ಹಿಂದಿನ ಮೂಲೆಯ ನಟ್ಟು. ಕೂದಲೆಳೆಯಷ್ಟು, ಆದರೆ ಗೆರೆ ಮುರಿದಿತ್ತು. ಹೋದ ತಿಂಗಳು ತಪಾಸಣೆ ಮಾಡಿ ಎಲ್ಲ ಸರಿಯಿದೆ ಎಂದು ಪುಸ್ತಕದಲ್ಲಿ ರುಜು ಹಾಕಿದವನು ಅವನೇ. ನಿನ್ನೆ ನೆಲ ಗುಡಿಸುವಾಗಲೂ ಅದರ ಪಕ್ಕವೇ ಪೊರಕೆ ಹೋಗಿತ್ತು. ಹಿರಿಯಳಿಯ ಸ್ವಲ್ಪ ಹೊತ್ತು ನಟ್ಟನ್ನೂ, ನಟ್ಟು ತೋರಿಸುತ್ತಿದ್ದ ಆ ತೆಳ್ಳನೆಯ ಬೆರಳನ್ನೂ ನೋಡಿದ. ಹಲ್ಲು ಕಚ್ಚಿದ. ಆಮೇಲೆ ಲಿಫ್ಟಿನ ಮೇನ್ ಸ್ವಿಚ್ಚು ಆರಿಸಿ, ಟಾರ್ಚನ್ನು ಅವನ ಕೈಗೆ ಕೊಟ್ಟು ಸರಿಯಾಗಿ ಹಿಡಿ ಎಂದು ಗದರಿ, ಸ್ಪ್ಯಾನರ್ ತೆಗೆದುಕೊಂಡು ಕೆಳಗೆ ಕೂತ.

ಮನೆಗೆ ಬಂದಾಗ ಹೆಂಡತಿ ಹೇಗಿತ್ತು ಎಂದು ಕೇಳಿದಳು. ಮೋಟರಿನ ಒಂದು ನಟ್ಟು ಸಡಿಲಾಗಿತ್ತು, ಹಾಗೇ ಬಿಟ್ಟಿದ್ದರೆ ಅಪಾಯವಿತ್ತು, ತಾನು ಪತ್ತೆ ಮಾಡಿದೆ ಎಂದು ಅವನು ಹೇಳಿದ. ಕೈ ತೊಳೆಯಲು ಹೋದವನು ಸಾಬೂನಿನ ಕೈಯಲ್ಲೇ ಬಾಗಿಲಿಗೆ ಬಂದು, "ಪತ್ತೆ ಮಾಡಿದ್ದು ಅವನು" ಎಂದು ಹೇಳಿ, ಅವಳು ಏನಾದರೂ ಹೇಳುವ ಮೊದಲೇ ಒಳಗೆ ಹೋದ.